ಪರೀಕ್ಷೆಗೆ ಲಿಪಿಕಾರರನ್ನು ಒದಗಿಸುವ ಮುಂಬಯಿಯ ಒಂದು ಸೇವಾಬಳಗ

ದೃಷ್ಟಿದೋಷವುಳ್ಳ ವಿದ್ಯಾರ್ಥಿಗಳ ಪರೀಕ್ಷೆಗೆ ಲಿಪಿಕಾರರನ್ನು, ಅಂದರೆ ಅವರು ಹೇಳುವ ಉತ್ತರಗಳನ್ನು ಬರೆದುಕೊಡುವವರನ್ನು, ಉಚಿತವಾಗಿ ಒದಗಿಸುವ ದಾದರಿನ ಸಣ್ಣ ಬಳಗವೊಂದರಲ್ಲಿ ನಾನು ಎರಡು ವರ್ಷಗಳಿಂದ ಸ್ವಯಂಸೇವಕಿ. ಮಾಟುಂಗದ ಮೈಸೂರು ಅಸೋಸಿಯೇಶನ್ನಿನ ಕಾರ್ಯಕ್ರಮದಲ್ಲಿ ಪಕ್ಕದಲ್ಲಿ ಕುಳಿತಿದ್ದ ಹಿರಿಯರೊಬ್ಬರು ಇದರ ಬಗ್ಗೆ ತಿಳಿಸಿದ್ದರು.

ಬಳಗದ ನಿಜವಾದ ಹಿರಿಮೆ ಅದರ ತರಬೇತಿಯಲ್ಲಿದೆ. ವಿದ್ಯಾರ್ಥಿ ಹೇಳಿದ್ದನ್ನು ಹೇಳಿದಂತೆಯೇ ಬರೆಯಬೇಕು, ವಾಕ್ಯವನ್ನು ತಿದ್ದಬಾರದು, ಉತ್ತರ ತಪ್ಪೆಂದು ಗೊತ್ತಿದ್ದರೂ ದನಿಯಲ್ಲಿ ಸುಳಿವು ಬಿಟ್ಟುಕೊಡಬಾರದು, ಪ್ರಶ್ನೆಯನ್ನು ಹತ್ತನೆಯ ಸಲ ಓದುವಾಗಲೂ ಮೊದಲ ಸಲದ ತಾಳ್ಮೆಯೇ ಇರಬೇಕು ಎಂಬುದನ್ನು ಅಣಕು ಪರೀಕ್ಷೆಗಳ ಮೂಲಕ ರೂಢಿ ಮಾಡಿಸುತ್ತಾರೆ. ನನಗಂತೂ ಸುಮ್ಮನಿರುವುದೇ ಎಲ್ಲಕ್ಕಿಂತ ಕಷ್ಟವಾಯಿತು. ಆದರೆ ಆ ಉತ್ತರ ವಿದ್ಯಾರ್ಥಿಯದು, ನನ್ನದಲ್ಲ.

ಕೇಂದ್ರ ಸರ್ಕಾರದ 2018ರ ಮಾರ್ಗಸೂಚಿಯ ಪ್ರತಿಯನ್ನು ಪ್ರತಿಯೊಬ್ಬ ಲಿಪಿಕಾರರ ಕೈಗೂ ಕೊಡುವುದು ಬಹಳ ಉಪಯುಕ್ತ ಕ್ರಮ. ಗಂಟೆಗೆ ಕನಿಷ್ಠ 20 ನಿಮಿಷ ಹೆಚ್ಚುವರಿ ಸಮಯ, ಅಂದರೆ ಮೂರು ಗಂಟೆಯ ಪರೀಕ್ಷೆಗೆ ನಾಲ್ಕು ಗಂಟೆ ಕೊಡಬೇಕೆಂದು ಅದರಲ್ಲಿದೆ. ಒಂದು ಕೇಂದ್ರದಲ್ಲಿ ಮೇಲ್ವಿಚಾರಕರು ಮೂರು ಗಂಟೆ ಕಳೆಯುತ್ತಲೇ ಉತ್ತರಪತ್ರಿಕೆ ಕೇಳಿದಾಗ ಆ ಹಾಳೆಯೇ ನಮ್ಮನ್ನು ಕಾಪಾಡಿತು.

ಕೊರತೆಗಳೂ ಇವೆ. ಪರೀಕ್ಷೆಯ ಹಿಂದಿನ ರಾತ್ರಿ ಕರೆ ಬರುವುದು ಅಪರೂಪವಲ್ಲ. ವಿದ್ಯಾರ್ಥಿಯೊಡನೆ ಮೊದಲೇ ಮಾತನಾಡಿ ಅವರ ಉಚ್ಚಾರಕ್ಕೆ ಕಿವಿ ಹೊಂದಿಸಿಕೊಳ್ಳಲು ಆಗ ಅವಕಾಶವೇ ಸಿಗುವುದಿಲ್ಲ. ಬಳಗದಲ್ಲಿ ಕನ್ನಡ ಬರೆಯಬಲ್ಲವರು ನಾವು ಮೂವರೇ. ಠಾಣೆ, ಡೊಂಬಿವಲಿ ಕಡೆಯ ಕನ್ನಡಿಗರು ಸೇರಿಕೊಂಡರೆ ಮಾರ್ಚ್ ತಿಂಗಳ ಪರೀಕ್ಷೆಗಳಿಗೆ ನಿಜಕ್ಕೂ ಅನುಕೂಲವಾಗುತ್ತದೆ.