ಬೂದು ಹಲ್ಲಾ, ಕೆಂಪು ಕೆಂಚ: ಉತ್ತರದ ಎರಡು ಬೇಟೆ ನಾಯಿಗಳನ್ನು ಮನೆಯಲ್ಲಿಟ್ಟು ನೋಡಿದ್ದು

ಮೊದಲೇ ಹೇಳಿಬಿಡುತ್ತೇನೆ. ಇದನ್ನು ಬರೆಯುವಾಗ ಸೋಫಾದಲ್ಲಿ ನನ್ನ ಜಾಗ ಹಿಡಿದು ಮಲಗಿರುವುದು ಕೆಂಚ, ನಮ್ಮ ಫಿನ್ನಿಶ್ ಸ್ಪಿಟ್ಜ್. ಹಾಗಾಗಿ ನಾರ್ವೇಜಿಯನ್ ಎಲ್ಕ್‌ಹೌಂಡ್ ಜೊತೆಗಿನ ಈ ಹೋಲಿಕೆಯಲ್ಲಿ ಜಾಸ್ತಿ ನ್ಯಾಯ ಹುಡುಕಬೇಡಿ.

ನಾವಿರುವುದು ಫಿನ್‌ಲ್ಯಾಂಡಿನ ತಾಂಪೆರೆಯಲ್ಲಿ, ಮೂರನೇ ಮಹಡಿಯ ಫ್ಲಾಟಿನಲ್ಲಿ. ನಾನು ಬಾಗಲಕೋಟೆ ಕಡೆಯವಳು, ಮುಧೋಳ ನಾಯಿ ನೋಡುತ್ತಾ ಬೆಳೆದವಳು. ಬೇಟೆ ನಾಯಿ ಅಂದರೆ ಮೊಲ ಕಣ್ಣಿಗೆ ಬಿದ್ದ ಕೂಡಲೇ ಸದ್ದಿಲ್ಲದೆ ಬೆನ್ನು ಹತ್ತುವುದು ಅಂತಲೇ ತಿಳಿದಿದ್ದೆ. ಇಲ್ಲಿನ ನಾಯಿಗಳ ಕಸುಬೇ ಬೇರೆ. ಇವು ಬೊಗಳಿ ದುಡಿಯುತ್ತವೆ. ನಾರ್ವೇಜಿಯನ್ ಎಲ್ಕ್‌ಹೌಂಡ್ ಕಾಡಿನಲ್ಲಿ ಮೂಸ್ ಅನ್ನುವ ಭಾರಿ ಗಾತ್ರದ ಜಿಂಕೆಯನ್ನು ಹುಡುಕಿ, ಅದರ ಮುಂದೆ ನಿಂತು ಬೊಗಳಿ ತಡೆಯುತ್ತದೆ. ಫಿನ್ನಿಶ್ ಸ್ಪಿಟ್ಜ್ ಮೆಟ್ಸೊ ಅಂತ ನವಿಲಿನ ಹಾಗೆ ಬಾಲ ಬಿಚ್ಚುವ ದೊಡ್ಡ ಕಾಡುಕೋಳಿಯನ್ನು ಮರ ಹತ್ತಿಸುತ್ತದೆ. ಆಮೇಲೆ ಬುಡದಲ್ಲಿ ಬಾಲ ಆಡಿಸುತ್ತಾ ಬೊಗಳುತ್ತದೆ. ಹಕ್ಕಿ ಇದನ್ನೇ ನೋಡುತ್ತಾ ಕೂತಿರುವಾಗ ಬೇಟೆಗಾರ ಇನ್ನೊಂದು ಕಡೆಯಿಂದ ಬರುತ್ತಾನೆ. ಬೊಗಳುವ ನಾಯಿ ಕಚ್ಚುವುದಿಲ್ಲ ಅನ್ನುವುದು ನಮಗೆ ಗಾದೆ, ಇವಕ್ಕೆ ಹೊಟ್ಟೆಪಾಡು.

ಫೋಟೋ ನೋಡಿ ನಾಯಿ ತರುವುದು ಬೇಡ ಅಂತ ನಮ್ಮನೆಯವರು ಹಟ ಹಿಡಿದರು. ಒಳ್ಳೆಯದೇ ಆಯಿತು. ಸಹೋದ್ಯೋಗಿಯೊಬ್ಬರು ರಜೆಗೆ ಹೋಗುವಾಗ ಅವರ ಬೂದು ಎಲ್ಕ್‌ಹೌಂಡ್ ಹಲ್ಲಾಳನ್ನು ಹನ್ನೆರಡು ದಿನ ನಮ್ಮಲ್ಲಿ ಬಿಟ್ಟರು. ಹಲ್ಲಾ ಅಂದರೆ ಫಿನ್ನಿಶ್‌ನಲ್ಲಿ ಬೆಳೆ ಸುಡುವ ಹಿಮ. ನಾಯಿ ಮಾತ್ರ ಬೆಣ್ಣೆಯಂಥದ್ದು. ಮಕ್ಕಳು ಬೆನ್ನ ಮೇಲೆ ತಲೆ ಇಟ್ಟು ಟೀವಿ ನೋಡಿದರೂ ಕದಲುತ್ತಿರಲಿಲ್ಲ. ಮನೆಯೊಳಗೆ ಬೊಗಳಿದ್ದೂ ಕಡಿಮೆ.

ಆದರೆ ಅದು ಮಾರ್ಚ್ ಕೊನೆ. ಇಲ್ಲಿ ಮಾರ್ಚ್ 1ರಿಂದ ಆಗಸ್ಟ್ 19ರವರೆಗೆ, ಕಾಡುಪ್ರಾಣಿಗಳು ಮರಿ ಹಾಕುವ ಕಾಲ ಅಂತ, ನಾಯಿಯನ್ನು ಕಟ್ಟಿಯೇ ಓಡಾಡಿಸಬೇಕು ಅಥವಾ ಕೈಗೆ ಸಿಗುವ ಹಾಗೆ ಇಟ್ಟುಕೊಳ್ಳಬೇಕು. ಮೂಸ್ ಹಿಂದೆ ದಿನವಿಡೀ ಓಡುವ ನಾಯಿಗೆ ಎರಡು ಮೀಟರ್ ಹಗ್ಗ ಏನು ಲೆಕ್ಕ? ಮೂರನೇ ದಿನ ಬೆಳಗ್ಗೆ, ಕರಗಿ ಮತ್ತೆ ಗಟ್ಟಿಯಾದ ಮಂಜುಗಡ್ಡೆಯ ಮೇಲೆ ನಾವಿಬ್ಬರೂ ಹೊರಟೆವು. ಪೊದೆಯಲ್ಲಿ ಮೊಲ. ನಾನು ಕೂತ ಭಂಗಿಯಲ್ಲೇ ಬಸ್ ಸ್ಟಾಪಿನವರೆಗೆ ಜಾರಿದೆ. ಅಲ್ಲಿದ್ದ ಅಜ್ಜಿ 'ಹುವೋಮೆಂತಾ' ಅಂತ ನಮಸ್ಕಾರ ಹೇಳಿದರು, ಏನೂ ಆಗಿಲ್ಲ ಅನ್ನುವ ಹಾಗೆ.

ಇನ್ನು ಕೂದಲು. ಮೇಲ್ಗೂದಲು ಗುಡಿಸಿದರೆ ಹೋಗುತ್ತದೆ. ಕೆಳಗಿನ ಉಣ್ಣೆ ಹೋಗುವುದಿಲ್ಲ, ಗಾಳಿಯಲ್ಲಿ ತೇಲುತ್ತದೆ. ಅದನ್ನು ಹೊಸೆದರೆ ಕಾರ್ತಿಕಕ್ಕೆ ಆಗುವಷ್ಟು ಹೂಬತ್ತಿ ಮಾಡಬಹುದಿತ್ತು. ರೊಟ್ಟಿ ಬಡಿಯುವಾಗ ಹಿಟ್ಟಿನಲ್ಲಿ ಸಿಕ್ಕಿತು ನೋಡಿ, ಅಲ್ಲಿಗೆ ನನ್ನ ಮನಸ್ಸು ಮುರಿಯಿತು. ಕೆಂಚನಿಗೂ ಕೂದಲು ಉದುರುತ್ತದೆ. ಮೈ ಚಿಕ್ಕದು, ಉಣ್ಣೆಯೂ ಕಡಿಮೆ.

ಕರೇಲಿಯನ್ ಕರಡಿ ನಾಯಿಯನ್ನೂ ಒಂದು ಭಾನುವಾರ ನೋಡಿ ಬಂದೆವು. ಚೆಂದದ ನಾಯಿ, ಬೇರೆ ನಾಯಿ ಕಂಡರೆ ಆಗುವುದಿಲ್ಲ. ನಮ್ಮ ಕಟ್ಟಡದಲ್ಲೇ ಆರು ನಾಯಿಗಳಿವೆ. ಬಿಟ್ಟೆವು.

ಫಿನ್ನಿಶ್ ಸ್ಪಿಟ್ಜ್ ಮರಿ ಸಾಕುವವರ ಮನೆಗೆ ಹೋದಾಗ ಅವರ ಮೊದಲ ಪ್ರಶ್ನೆ, "ಬೇಟೆ ಆಡುತ್ತೀರಾ?" ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ ಅಂದೆ. ಅವರು ಬಹಳ ಹೊತ್ತು ಸುಮ್ಮನೆ ಕೂತರು. ಸುಮ್ನೆ ಕೇಳಿದ್ದಲ್ಲ. ಈ ತಳಿ ಹತ್ತೊಂಬತ್ತನೇ ಶತಮಾನದ ಕೊನೆಗೆ ಬೇರೆ ನಾಯಿಗಳ ಜೊತೆ ಬೆರೆತು ಕಳೆದೇ ಹೋಗುವುದರಲ್ಲಿತ್ತು. ಹ್ಯೂಗೋ ರೂಸ್, ಹ್ಯೂಗೋ ಸ್ಯಾಂಡ್‌ಬರ್ಗ್ ಅಂತ ಒಂದೇ ಹೆಸರಿನ ಇಬ್ಬರು ಪಟ್ಟು ಹಿಡಿದು ಉಳಿಸಿದರು. 1979ರಿಂದ ಇದು ಫಿನ್‌ಲ್ಯಾಂಡಿನ ರಾಷ್ಟ್ರೀಯ ನಾಯಿ. ಅಂಥದ್ದನ್ನು ಸೋಫಾಕ್ಕೆ ಕಳಿಸಲು ಅವರಿಗೆ ಮನಸ್ಸಿಲ್ಲ. ಕೊನೆಗೆ, ಒಂದು ವಾರ ಇಟ್ಟುಕೊಂಡು ನೋಡಿ ಅಂತ ಎರಡು ವರ್ಷದ ಕೆಂಪು ಗಂಡು ನಾಯಿಯನ್ನು ಕೊಟ್ಟರು. ಅದೇ ಕೆಂಚ.

ಈಗ ಬೊಗಳುವ ವಿಷಯ.

ನಮ್ಮ ಬಾಲ್ಕನಿ ಎದುರು ಒಂದು ಪೈನ್ ಮರ ಇದೆ. ಅದರಲ್ಲಿ ಒಂದು ಅಳಿಲು. ಹಿಂದೆ ಚರ್ಮಕ್ಕಾಗಿ ಅಳಿಲು ಬೇಟೆ ಆಡುತ್ತಿದ್ದಾಗಲೂ ಮರದ ಕೆಳಗೆ ಬೊಗಳುತ್ತಿದ್ದದ್ದು ಇದೇ ತಳಿ. ಅಂದರೆ ಕೆಂಚನ ಲೆಕ್ಕದಲ್ಲಿ ನಾವು ಅವನಿಗೆ ಕೆಲಸದ ಜಾಗದ ಎದುರೇ ಮನೆ ಕೊಟ್ಟಿದ್ದೆವು. ಎರಡನೇ ದಿನ ಸಂಜೆ ಆಫೀಸಿನಿಂದ ಬಂದರೆ ಬಾಗಿಲಿಗೆ ಚೀಟಿ: 'ನಿಮ್ಮ ನಾಯಿಗೆ ಏನಾದರೂ ಆಗಿದೆಯಾ?' ಮರುದಿನ ಹಳೇ ಫೋನನ್ನು ರೆಕಾರ್ಡಿಂಗ್‌ಗೆ ಇಟ್ಟು ಹೋದೆ. ರಾತ್ರಿ ಕೂತು ಎಣಿಸಿದೆ. ನಿಮಿಷಕ್ಕೆ 92. ನಡುವೆ ನೀರು ಕುಡಿದ ಸದ್ದು, ಮತ್ತೆ ಶುರು. ಒಟ್ಟು ನಲವತ್ತು ನಿಮಿಷ.

ಗಾಬರಿಯಿಂದ ಮರಿ ಸಾಕುವವರಿಗೆ ಫೋನ್ ಮಾಡಿದೆ. ಅವರಿಗೆ ಖುಷಿಯೋ ಖುಷಿ. ಈ ದೇಶದಲ್ಲಿ ಪ್ರತಿ ವರ್ಷ ಈ ನಾಯಿಗಳಿಗೆ ಕಾಡಿನಲ್ಲಿ ಸ್ಪರ್ಧೆ ಇಟ್ಟು, ಗೆದ್ದ ನಾಯಿಗೆ 'ಬೊಗಳುವ ರಾಜ' ಅನ್ನುವ ಬಿರುದು ಕೊಡುತ್ತಾರೆ. ಅವರ ಕಿವಿಗೆ ನನ್ನ ದೂರು ಹೊಗಳಿಕೆಯ ಹಾಗೆ ಕೇಳಿಸಿತು.

ಬೈದರೆ ಜಾಸ್ತಿ ಬೊಗಳುತ್ತಾನೆ, ನಾವೂ ಜೊತೆಗೆ ಬೊಗಳಿದೆವು ಅಂದುಕೊಂಡು. ಬಾಗಿಲು ಹಾಕಿದರೆ ಕಿಟಕಿಗೆ ಹೋಗುತ್ತಾನೆ. ಕೊನೆಗೆ ನಡೆದದ್ದು ಎರಡು ಉಪಾಯ. ಬಾಲ್ಕನಿ ಮತ್ತು ಕಿಟಕಿ ಗಾಜಿನ ಕೆಳ ಅರ್ಧಕ್ಕೆ ಮಬ್ಬು ಹಾಳೆ ಅಂಟಿಸಿದೆವು, ಅಳಿಲು ಕಾಣದ ಹಾಗೆ. ಇನ್ನೊಂದು, ಮೂರು ಸಲ ಬೊಗಳಲು ಬಿಟ್ಟು, ಮೆಲ್ಲಗೆ "ಸಾಕು" ಅಂದು, ಸುಮ್ಮನಾದ ಕ್ಷಣಕ್ಕೆ ಒಂದು ಚೂರು ಚೀಸ್. ಅವನು ಸುದ್ದಿ ಮುಟ್ಟಿಸಬೇಕು, ನಾವು ಮುಟ್ಟಿತು ಅನ್ನಬೇಕು, ಅಷ್ಟೇ ಅಲ್ವಾ? ಅದು ಕೂರಲು ಒಂದು ವಾರ ಎಲ್ಲಿ ಸಾಲುತ್ತದೆ, ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವನು ನಮ್ಮವನೇ ಆಗಿದ್ದ. ಈಗಲೂ ಸಾಕು ಅಂದ ಮೇಲೆ ಬಾಯಿ ಮುಚ್ಚಿಕೊಂಡೇ ಒಂದು 'ವುಫ್' ಹೇಳುತ್ತಾನೆ. ಕೊನೇ ಮಾತು ಅವನದೇ ಆಗಬೇಕು.

ದುಡ್ಡಿನ ವಿಷಯಕ್ಕೆ ಬಂದರೆ, ನಾವು ಕೇಳಿದ ಕಡೆ ಎರಡೂ ತಳಿಯ ಮರಿಗಳಿಗೆ ಹೆಚ್ಚುಕಮ್ಮಿ ಒಂದೇ ಬೆಲೆ ಹೇಳಿದ್ದರು. ಗುರುತಿಗೆ ಚರ್ಮದಡಿ ಹಾಕುವ ಮೈಕ್ರೋಚಿಪ್, ನೋಂದಣಿ 2023ರಿಂದ ಎಲ್ಲ ನಾಯಿಗೂ ಕಡ್ಡಾಯ, ಅದೂ ಸಮ. ವ್ಯತ್ಯಾಸ ಇರುವುದು ಊಟದಲ್ಲಿ. ಹಲ್ಲಾ ಹನ್ನೆರಡು ದಿನದಲ್ಲಿ ಖಾಲಿ ಮಾಡಿದ ಚೀಲ ಕೆಂಚನಿಗೆ ತಿಂಗಳು ಬರುತ್ತದೆ. ಹಲ್ಲಾ ತಟ್ಟೆ ತೊಳೆದಿಟ್ಟ ಹಾಗೆ ನೆಕ್ಕುತ್ತಿದ್ದಳು. ಕೆಂಚ ಮೂಸಿ ನೋಡಿ, ಮೊಸರನ್ನ ಇದೆಯಾ ಅಂತ ಅಡುಗೆಮನೆ ಕಡೆ ತಿರುಗುತ್ತಾನೆ.

ನಿಮಗೆ ಸ್ವಂತ ಮನೆ, ಸುತ್ತ ಅಂಗಳ, ದಿನಾ ಓಡುವ ಅಭ್ಯಾಸ ಇದ್ದರೆ ಹಲ್ಲಾಳಂಥವಳನ್ನೇ ತನ್ನಿ, ನನ್ನ ಮಾತು ಕೇಳಬೇಡಿ. ನಾನು ನಡೆಯುವವಳು, ಓಡುವವಳಲ್ಲ. ಹತ್ತು ಹನ್ನೆರಡು ಕಿಲೋ ನಾಯಿಯನ್ನು ಮಂಜಿನ ಮೇಲೂ ಹಿಡಿಯಬಲ್ಲೆ. ಬೇಟೆಯ ಕಾಲ ಬಂತೆಂದರೆ ಶನಿವಾರ ಹಲ್ಲಾಳ ಯಜಮಾನರೇ ಕೆಂಚನನ್ನು ಕಾಡಿಗೆ ಕರೆದುಕೊಂಡು ಹೋಗುತ್ತಾರೆ. ಮನಸಾರೆ ಬೊಗಳಿ, ಧ್ವನಿ ಕೂತು, ಬಾಲದ ತುಂಬ ಹುಲ್ಲು ಕಡ್ಡಿ ಅಂಟಿಸಿಕೊಂಡು ಬರುತ್ತಾನೆ. ಆ ರಾತ್ರಿ ಅಳಿಲು ಬಂದು ಬಾಲ್ಕನಿಯಲ್ಲೇ ಕೂತರೂ ಅವನು ಏಳುವುದಿಲ್ಲ.

ಬರುವ ಮಾರ್ಚ್‌ನಲ್ಲಿ ಹಲ್ಲಾ ಮತ್ತೆ ಬರುತ್ತಾಳಂತೆ. ನಾನು ಮೊಳೆ ಇರುವ ಬೂಟು ತಂದಿಟ್ಟುಕೊಂಡಿದ್ದೇನೆ.