0 ಗಂಟೆ ಅಂತ ತೋರಿಸಿದ ಹಾರ್ಡ್ ಡಿಸ್ಕ್ 31,000 ಗಂಟೆ ಓಡಿತ್ತು! ಮನೆಗೆ ಸರ್ವರ್ ಕಟ್ಟುವವರು ದಯವಿಟ್ಟು ಓದಿ

ಹೊಸದು ಅಂತ ಹೇಳಿ ನನಗೆ ನಾಲ್ಕು ಹಳೇ ಹಾರ್ಡ್ ಡಿಸ್ಕ್ ಮಾರಿದರು. ಒರೆಸಿ, ಗಂಟೆ ಲೆಕ್ಕ ಅಳಿಸಿ, ಹೊಸ ಕವರ್ ಹಾಕಿ ಮಾರಿದರು. ನಾನು ನಂಬಿದೆ. ಐದು ತಿಂಗಳು ನಂಬಿಕೊಂಡೇ ಇದ್ದೆ. ಸಿಟ್ಟು ಇನ್ನೂ ಇಳಿದಿಲ್ಲ, ಹಾಗಾಗಿ ಹೇಳುವುದು ಹಿಂದೆ ಮುಂದೆ ಆಗಬಹುದು, ಆದರೂ ಪೂರ್ತಿ ಓದಿ.

ಈ ಸರ್ವರ್‌ಗೆ (ಆ ಡಿಸ್ಕ್ ಹಾಕಿದ, ಮನೆಯಲ್ಲಿ ಸದಾ ಓಡುತ್ತಾ ಫೈಲ್ ಇಟ್ಟುಕೊಳ್ಳುವ ಕಂಪ್ಯೂಟರ್) ನಾನು ನಾಲ್ಕು ತಿಂಗಳು ಪ್ಲ್ಯಾನ್ ಮಾಡಿದ್ದೆ. ಪ್ರಾಕ್ಸ್‌ಮಾಕ್ಸ್ ಅನ್ನೋ ಸಾಫ್ಟ್‌ವೇರ್ ಹಾಕಿ ಅದರ ಮೇಲೆ ನಾಲ್ಕೈದು ವರ್ಚುವಲ್ ಮೆಷಿನ್ (ಒಂದೇ ಕಂಪ್ಯೂಟರ್ ಒಳಗೆ ಓಡುವ ಬೇರೆ ಬೇರೆ ಕಂಪ್ಯೂಟರ್) ಓಡಿಸಬೇಕು, ಜೆಲ್ಲಿಫಿನ್ ಅನ್ನೋ ಆ್ಯಪ್‌ನಲ್ಲಿ ಸಿನಿಮಾ ನೋಡಬೇಕು, ಮನೆಯವರೆಲ್ಲರ ಫೋಟೋ ವಿಡಿಯೋ ಒಂದೇ ಕಡೆ ಇರಬೇಕು ಅನ್ನೋದು ಆಸೆ. ವಿಡಿಯೋ ಟ್ರಾನ್ಸ್‌ಕೋಡ್ ಮಾಡೋಕೆ (ಒಂದು ರೂಪದಿಂದ ಇನ್ನೊಂದಕ್ಕೆ ಬದಲಿಸೋಕೆ) ನೆರವಾಗುವ ಕ್ವಿಕ್ ಸಿಂಕ್ ಇರೋ ಪ್ರೊಸೆಸರ್ ಹುಡುಕಿದೆ, ತಪ್ಪನ್ನು ತಾನೇ ತಿದ್ದಿಕೊಳ್ಳುವ ಇಸಿಸಿ ಮೆಮೊರಿ ಬೇಕಾ ಬೇಡ್ವಾ ಅಂತ ವಾರಗಟ್ಟಲೆ ತಲೆ ಕೆಡಿಸಿಕೊಂಡೆ, ಕರೆಂಟ್ ಎಷ್ಟು ಎಳೆಯುತ್ತೆ ಅಂತ ಲೆಕ್ಕ ಹಾಕಿದೆ. ಎಸ್‌ಎಂಆರ್ ಡಿಸ್ಕ್ ತಗೋಬಾರದು, ಸಿಎಂಆರ್ ಆಗಿರಬೇಕು ಅನ್ನೋದೂ ಗೊತ್ತಿತ್ತು. ಇವೆರಡೂ ಡಿಸ್ಕ್ ಮೇಲೆ ಡೇಟಾ ಬರೆಯುವ ರೀತಿಗಳು. ಸಿಎಂಆರ್‌ನಲ್ಲಿ ಟ್ರ್ಯಾಕ್‌ಗಳು, ಅಂದರೆ ಡೇಟಾ ಬರೆಯುವ ಸಾಲುಗಳು, ಅಕ್ಕಪಕ್ಕ ಇರುತ್ತವೆ. ಎಸ್‌ಎಂಆರ್‌ನಲ್ಲಿ ಟ್ರ್ಯಾಕ್‌ಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಕೂತಿರುತ್ತವೆ, ಒಂದು ಕಡೆ ತಿದ್ದಿ ಬರೆದರೆ ಪಕ್ಕದ್ದನ್ನೂ ಮತ್ತೆ ಬರೆಯಬೇಕು, ರೇಡ್‌ನಲ್ಲಿ (ಹಲವು ಡಿಸ್ಕ್ ಸೇರಿಸಿ ಒಂದೇ ಹಾಗೆ ಬಳಸುವುದರಲ್ಲಿ) ಹಾಕಿದರೆ ನರಳುತ್ತೆ. ಇಷ್ಟೆಲ್ಲ ಓದಿದವನು ಡಿಸ್ಕ್ ನಿಜಕ್ಕೂ ಹೊಸದಾ ಅಂತ ನೋಡೋದನ್ನು ಮಾತ್ರ ಸರಿಯಾಗಿ ಮಾಡಲಿಲ್ಲ.

ಸರಿಯಾಗಿ ಮಾಡಲಿಲ್ಲ ಅಂದೆ, ಮಾಡಲೇ ಇಲ್ಲ ಅಂತಲ್ಲ. ಆನ್‌ಲೈನ್‌ನಲ್ಲಿ ಒಬ್ಬ ಮಾರಾಟಗಾರರ ಹತ್ತಿರ ಸೀಗೇಟ್‌ನ ಎಂಟರ್‌ಪ್ರೈಸ್ (ದೊಡ್ಡ ಸರ್ವರ್‌ಗಳಿಗೆ ಅಂತ ಮಾಡಿದ) ಡಿಸ್ಕ್ ತಗೊಂಡೆ, 12 ಟಿಬಿಯದ್ದು ನಾಲ್ಕು. ಬೆಲೆ ಬೇರೆ ಕಡೆಗಿಂತ ಕಡಿಮೆ ಇತ್ತು, ಆದರೆ ಅನುಮಾನ ಬರುವಷ್ಟು ಕಡಿಮೆ ಅಲ್ಲ. ಅಲ್ಲೇ ಇರೋದು ಅವರ ಜಾಣತನ. ಕೇಳಿದಾಗ ಅವರ ಉತ್ತರ ಹೀಗಿತ್ತು: "ಸರ್, ಪಕ್ಕಾ ಹೊಸದು. ಬಂದ ತಕ್ಷಣ ಸ್ಮಾರ್ಟ್ ನೋಡಿ, ಒಂದು ಗಂಟೆ ಜಾಸ್ತಿ ಓಡಿದ್ರೂ ದುಡ್ಡು ವಾಪಸ್." ಸ್ಮಾರ್ಟ್ ಅಂದರೆ ಡಿಸ್ಕ್ ತನ್ನ ಬಗ್ಗೆ ತಾನೇ ಇಟ್ಟುಕೊಳ್ಳುವ ಆರೋಗ್ಯದ ಲೆಕ್ಕ. ಡಿಸ್ಕ್ ಬಂತು. ಸ್ಮಾರ್ಟ್ ನೋಡಿದೆ. ಪವರ್ ಆನ್ ಅವರ್ಸ್, ಅಂದರೆ ಡಿಸ್ಕ್ ಓಡಿದ ಗಂಟೆ, 0. ನಾಲ್ಕರಲ್ಲೂ 0. ಎಷ್ಟು ಖುಷಿಯಾಯಿತು ಅಂದರೆ ಸ್ಕ್ರೀನ್‌ಶಾಟ್ ತೆಗೆದು ಗೆಳೆಯನಿಗೆ ಕಳಿಸಿದೆ. ಅವರು ಅಷ್ಟು ಧೈರ್ಯವಾಗಿ ಸ್ಮಾರ್ಟ್ ನೋಡಿ ಅಂದಿದ್ದು ಯಾಕೆ ಅಂತ ಈಗ ಗೊತ್ತಾಗ್ತಿದೆ.

ನಾಲ್ಕನ್ನೂ ಸೇರಿಸಿ ಝಡ್‌ಎಫ್‌ಎಸ್ ಅನ್ನೋ ಫೈಲ್ ಜೋಡಿಸಿಡುವ ವ್ಯವಸ್ಥೆಯಲ್ಲಿ ರೇಡ್ ಝಡ್1 ಮಾಡಿದೆ. ಒಂದು ಡಿಸ್ಕ್ ಹೋದರೂ ಡೇಟಾ ಉಳಿಯುತ್ತೆ, ಹೊಸ ಡಿಸ್ಕ್, ಇಷ್ಟು ಬೇಗ ಏನಾಗುತ್ತೆ ಅಂದುಕೊಂಡೆ. ಐದು ತಿಂಗಳಾಗುವ ಹೊತ್ತಿಗೆ ಒಂದು ಡಿಸ್ಕ್ ಹೋಯಿತು. ಬೇರೆ ಕಡೆಯಿಂದ ಹೊಸದು ತಂದು ಹಾಕಿದೆ, ರಿಸಿಲ್ವರ್, ಅಂದರೆ ಹೋದ ಡಿಸ್ಕ್‌ನ ಡೇಟಾ ಉಳಿದವುಗಳಿಂದ ಹೊಸದರಲ್ಲಿ ಮತ್ತೆ ಕಟ್ಟುವ ಕೆಲಸ, ಶುರುವಾಯಿತು. ಆಗ ಉಳಿದ ಮೂರೂ ಡಿಸ್ಕ್‌ನಲ್ಲಿ ಇರೋದನ್ನೆಲ್ಲ ಓದಬೇಕಲ್ಲ, ಎರಡು ದಿನ ಬಿಡುವಿಲ್ಲದೆ ಓಡಿದವು. ಎರಡನೇ ರಾತ್ರಿ ಇನ್ನೊಂದು ಡಿಸ್ಕ್‌ನಲ್ಲಿ ರೀಡ್ ಎರರ್ ಬರತೊಡಗಿತು. ಝಡ್‌ಎಫ್‌ಎಸ್ ಸುಳ್ಳು ಹೇಳಲ್ಲ, ಯಾವ ಯಾವ ಫೈಲ್ ಹೋಯಿತು ಅಂತ ಹೆಸರು ಹೆಸರಾಗಿ ಪಟ್ಟಿ ಕೊಡುತ್ತೆ. ಹದಿನಾಲ್ಕು ಹೆಸರಿತ್ತು. ಹನ್ನೊಂದು ಸಿನಿಮಾ, ಹೋಗಲಿ ಬಿಡಿ. ಒಂದು ವರ್ಚುವಲ್ ಮೆಷಿನ್‌ನ ಡಿಸ್ಕ್ ಫೈಲ್, ಆ ಮೆಷಿನ್ ಬೂಟ್ ಆಗಲೇ ಇಲ್ಲ, ಮತ್ತೆ ಮೊದಲಿನಿಂದ ಕಟ್ಟಿದೆ. ಉಳಿದ ಎರಡು ಅಜ್ಜಿ ಮಾತಾಡುತ್ತಾ ಕೂತಿದ್ದ ವಿಡಿಯೋ. ಫೋನ್‌ನಲ್ಲಿ ಜಾಗ ಇಲ್ಲ ಅಂತ, ಸರ್ವರ್‌ನಲ್ಲಿ ಇದೆಯಲ್ಲ ಅಂತ, ನಾನೇ ಕೈಯಾರೆ ಅಳಿಸಿದ್ದೆ. ಅಜ್ಜಿ ಈಗಿಲ್ಲ. ಅಮ್ಮನಿಗೆ ಇನ್ನೂ ಹೇಳಿಲ್ಲ.

ಆ ರಾತ್ರಿ ನಿದ್ದೆ ಬರದೆ ಹುಡುಕುತ್ತಾ ಕೂತಾಗಲೇ ಗೊತ್ತಾಗಿದ್ದು. ಸೀಗೇಟ್‌ನ ಎಷ್ಟೋ ಡಿಸ್ಕ್‌ಗಳಲ್ಲಿ ಸ್ಮಾರ್ಟ್ ಅಲ್ಲದೆ ಫಾರ್ಮ್ ಅಂತ ಇನ್ನೊಂದು ಲಾಗ್ (ಡಿಸ್ಕ್ ತಾನೇ ಬರೆದಿಟ್ಟುಕೊಳ್ಳುವ ದಾಖಲೆ) ಇರುತ್ತೆ. ಸ್ಮಾರ್ಟ್ ಲೆಕ್ಕ ಅಳಿಸಿದವರು ಎಷ್ಟೋ ಸಲ ಇದನ್ನು ಹಾಗೇ ಬಿಟ್ಟಿರುತ್ತಾರೆ. 2025ರ ಶುರುವಿನಲ್ಲಿ ಇದೇ ಥರ ಹಳೇ ಸೀಗೇಟ್ ಡಿಸ್ಕ್‌ಗಳನ್ನು ಹೊಸದು ಅಂತ ಮಾರಿದ್ದು ಜರ್ಮನಿಯಲ್ಲಿ ದೊಡ್ಡ ಸುದ್ದಿಯಾಗಿತ್ತು. ಆ ಡಿಸ್ಕ್‌ಗಳು ಚಿಯಾ ಅನ್ನೋ ಕ್ರಿಪ್ಟೋ ಮೈನಿಂಗ್‌ನಲ್ಲಿ (ಡಿಸ್ಕ್ ಜಾಗ ಬಳಸಿ ಡಿಜಿಟಲ್ ನಾಣ್ಯ ಗಳಿಸುವ ಕೆಲಸ) ವರ್ಷಗಟ್ಟಲೆ ದುಡಿದವು ಅನ್ನೋದು ಅನುಮಾನ. ಹಾಗೆ ಹೊಸದು ಅಂತ ಅವನ್ನು ತಾನು ಮಾರಿಲ್ಲ ಅಂತ ಸೀಗೇಟ್ ಹೇಳಿತ್ತು. ಓದುತ್ತಾ ಓದುತ್ತಾ ಕೈ ತಣ್ಣಗಾಯಿತು.

ಸ್ಮಾರ್ಟ್‌ಸಿಟಿಎಲ್ ಅನ್ನೋ ಟೂಲ್‌ನಲ್ಲಿ ಫಾರ್ಮ್ ಲಾಗ್ ತೆಗೆದೆ. ಸ್ಮಾರ್ಟ್ ಪ್ರಕಾರ 3,412 ಗಂಟೆ, ಅಂದರೆ ನನ್ನ ಹತ್ತಿರ ಓಡಿದ್ದಷ್ಟೇ. ಫಾರ್ಮ್ ಪ್ರಕಾರ 34,870. ಇನ್ನೊಂದು 34,866. ಮತ್ತೊಂದು 34,871. ಎಲ್ಲ ಒಂದೇ ಕಡೆ, ಒಟ್ಟಿಗೆ, ಹಗಲು ರಾತ್ರಿ ಓಡಿದ ಡಿಸ್ಕ್‌ಗಳು! ನನ್ನ ಕೈಗೆ ಬರುವ ಮುಂಚೆಯೇ 31,000 ಗಂಟೆಗೂ ಜಾಸ್ತಿ, ಅಂದರೆ ಮೂರೂವರೆ ವರ್ಷ. ಆ ಸಂಖ್ಯೆಗಳನ್ನು ಎಷ್ಟು ಹೊತ್ತು ನೋಡಿದೆನೋ ಗೊತ್ತಿಲ್ಲ. ನಾಲ್ಕು ಸೊನ್ನೆ ನೋಡಿ ಖುಷಿಪಟ್ಟಿದ್ದೆನಲ್ಲ, ಆ ಸ್ಕ್ರೀನ್‌ಶಾಟ್ ಇನ್ನೂ ಗೆಳೆಯನ ಹತ್ತಿರ ಇದೆ. ನೆನೆಸಿಕೊಂಡರೆ ನಾಚಿಕೆಯಾಗುತ್ತೆ.

ಮಾರಾಟಗಾರರ ಉತ್ತರಗಳನ್ನು ಹಾಗ್ಹಾಗೇ ಹಾಕ್ತೀನಿ. ಮೊದಲನೆಯದು: "ಸರ್, ಅದು ಫ್ಯಾಕ್ಟರಿ ಟೆಸ್ಟಿಂಗ್ ಗಂಟೆ." ಮೂರೂವರೆ ವರ್ಷ ಯಾವ ಫ್ಯಾಕ್ಟರಿಯಲ್ಲಿ ಟೆಸ್ಟ್ ಮಾಡ್ತಾರೆ ಅಂತ ಕೇಳಿದೆ. "ನಿಮ್ಮ ಸಾಫ್ಟ್‌ವೇರ್ ತಪ್ಪು ತೋರಿಸ್ತಿದೆ, ವಿಂಡೋಸ್‌ನಲ್ಲಿ ನೋಡಿ." ನೋಡಿ ಕಳಿಸಿದೆ, ಅದೇ ಸಂಖ್ಯೆ. "ಐದು ತಿಂಗಳು ಚೆನ್ನಾಗಿ ಓಡಿತಲ್ವಾ ಸರ್, ಆಗ ಯಾಕೆ ಹೇಳಲಿಲ್ಲ?" ನನಗೆ ಅತಿ ಹೆಚ್ಚು ಉರಿದಿದ್ದು ಇದಕ್ಕೇ. ಕಳ್ಳತನ ನನಗೆ ತಡವಾಗಿ ಗೊತ್ತಾಗಿದ್ದು ನನ್ನ ತಪ್ಪಂತೆ. ಆಮೇಲೆ ವಾಪಸ್ ತಗೊಳ್ಳುವ ಅವಧಿ ಮುಗಿದಿದೆ ಅಂದರು. ಕೊನೆಗೆ, ನಾನು ಬರೆದ ರಿವ್ಯೂ ತೆಗೆದರೆ ಒಂದು ಡಿಸ್ಕ್‌ನ ಅರ್ಧ ದುಡ್ಡು ಕೊಡ್ತೀವಿ ಅಂದರು. ತೆಗೆಯಲ್ಲ ಅಂದೆ. ಬ್ಲಾಕ್ ಮಾಡಿದರು.

ಸೀಗೇಟ್‌ನ ಸೈಟ್‌ನಲ್ಲಿ ಸೀರಿಯಲ್ ನಂಬರ್ ಹಾಕಿ ನೋಡಿದರೆ ವಾರಂಟಿ ಇಲ್ಲವೇ ಇಲ್ಲ. ಇದನ್ನು ಮೊದಲ ದಿನವೇ ಎರಡು ನಿಮಿಷದಲ್ಲಿ ನೋಡಬಹುದಿತ್ತು. ನೀವು ಅದನ್ನು ಕವರ್ ಬಿಚ್ಚಿದ ದಿನವೇ ಮಾಡಿ. ಸೀಗೇಟ್ ಆದರೆ ಫಾರ್ಮ್ ಲಾಗ್ ನೋಡಿ, ಆದರೆ ಅದೊಂದನ್ನೇ ನಂಬಬೇಡಿ, ಅದನ್ನೂ ತಿದ್ದುವವರಿದ್ದಾರೆ. ಕನೆಕ್ಟರ್ ಮೇಲೆ ಗೀರು, ಸ್ಕ್ರೂ ತೂತಿನಲ್ಲಿ ತಿರುಗಿಸಿದ ಗುರುತು ಇದೆಯಾ ನೋಡಿ. ನನ್ನವುಗಳಲ್ಲಿ ಇತ್ತು, ಈಗ ಟಾರ್ಚ್ ಹಿಡಿದರೆ ಕಾಣುತ್ತೆ. ಡೇಟಾ ಹಾಕುವ ಮುಂಚೆ ಬ್ಯಾಡ್‌ಬ್ಲಾಕ್ಸ್ (ಡಿಸ್ಕ್ ಪೂರ್ತಿ ಬರೆದು ಓದಿ ಪರೀಕ್ಷಿಸುವ ಟೂಲ್) ಓಡಿಸಿ, 12 ಟಿಬಿಗೆ ಐದಾರು ದಿನವೇ ಬೇಕಾಗಬಹುದು, ನನಗೆ ಆ ತಾಳ್ಮೆ ಇರಲಿಲ್ಲ. ವಾಪಸ್ ಅವಧಿ ಮುಗಿಯುವ ಮುಂಚೆ ಮುಗಿಸಿ. ನಾಲ್ಕನ್ನೂ ಒಬ್ಬರ ಹತ್ತಿರವೇ ತಗೋಬೇಡಿ, ಒಟ್ಟಿಗೆ ಸವೆದ ಡಿಸ್ಕ್‌ಗಳು ಒಟ್ಟಿಗೇ ಸಾಯುತ್ತವೆ. ಇಷ್ಟು ದೊಡ್ಡ ಡಿಸ್ಕ್‌ಗೆ ಎರಡು ಡಿಸ್ಕ್ ಹೋದರೂ ಡೇಟಾ ಉಳಿಯುವ ರೇಡ್ ಝಡ್2 ಮಾಡಿ, ಜಾಗ ಹೋದರೆ ಹೋಗಲಿ. ವರ್ಚುವಲ್ ಮೆಷಿನ್‌ಗಳನ್ನು ಬೇರೆ ಎಸ್‌ಎಸ್‌ಡಿಯಲ್ಲಿಡಿ. ಮತ್ತೆ ರೇಡ್ ಅಂದರೆ ಬ್ಯಾಕಪ್ ಅಲ್ಲ. ಈ ಮಾತು ನಾನೂ ನೂರು ಸಲ ಓದಿದ್ದೆ. ಮನೆಯವರ ವಿಡಿಯೋಗಳ ಇನ್ನೊಂದು ಕಾಪಿ ಬೇರೆ ಕಡೆ ಇರಲೇಬೇಕು.

ನಿನ್ನೆ ಗೆಳೆಯನ ಫೋನ್‌ನಿಂದ ಆ ಮಾರಾಟಗಾರರ ಪುಟ ತೆಗೆದು ನೋಡಿದೆ. ಅದೇ ಡಿಸ್ಕ್, ಅದೇ ಫೋಟೋ. ಕೆಳಗೆ "ಹೊಚ್ಚ ಹೊಸದು, 0 ಗಂಟೆ" ಅಂತ ಬರೆದಿದೆ. ಇನ್ನೂ ಒಂಬತ್ತು ಡಿಸ್ಕ್ ಉಳಿದಿವೆಯಂತೆ.