ಗೋಣಿಚೀಲದಿಂದ ಟ್ರೇವರೆಗೆ: ಮಲೆನಾಡಿನ ಮಳೆಯಲ್ಲಿ ಪಿಕಪ್‌ನ ನೆಲಹಾಸುಗಳು

ನಮ್ಮ ಹಳೆಯ ಜೀಪನ್ನು ಗುಜರಿಗೆ ಕೊಟ್ಟ ದಿನ ಅದರ ಎಂಜಿನ್ ಇನ್ನೂ ಒಂದೇ ಕೀಲಿಗೆ ಚಾಲೂ ಆಗುತ್ತಿತ್ತು. ಹೋಗಿದ್ದು ನೆಲ. ಕ್ಲಚ್‌ನ ಕೆಳಗಿನ ತಗಡನ್ನು ತುಕ್ಕು ತಿಂದು, ಅಂಗೈ ಅಗಲದ ತೂತಿನಲ್ಲಿ ರಸ್ತೆ ಕಾಣುತ್ತಿತ್ತು. ಮಳೆಗಾಲದಲ್ಲಿ ಮೇಲಿನಿಂದ ಬಂದದ್ದಕ್ಕಿಂತ ಹೆಚ್ಚು ನೀರು ಆ ತೂತಿನಿಂದ ಒಳಗೆ ಬರುತ್ತಿತ್ತು. ಆಮೇಲೆ ಎರಡು ಸಾಲು ಸೀಟಿನ ಡೀಸೆಲ್ ಪಿಕಪ್ ಕೊಂಡಾಗ, ಮೊದಲು ವಿಚಾರಿಸಬೇಕಾದದ್ದು ನೆಲಹಾಸು ಎಂದು ತೀರ್ಮಾನಿಸಿದೆ. ತೀರ್ಮಾನ ಸರಿಯಾಗಿತ್ತು, ಆಯ್ಕೆಗಳು ಆಗಿರಲಿಲ್ಲ. ಐದು ಮಳೆಗಾಲಗಳಲ್ಲಿ ಆರು ಬಗೆಯ ಹಾಸುಗಳನ್ನು ಹಾಕಿ ತೆಗೆದಿದ್ದೇನೆ. ಆ ಲೆಕ್ಕ ಇಲ್ಲಿದೆ.

ನಮ್ಮ ತೋಟ ಮೂಡಿಗೆರೆ ತಾಲ್ಲೂಕಿನಲ್ಲಿದೆ. ಆರಿದ್ರಾ ಮಳೆ ಹಿಡಿದರೆ ಮಘೆ ಮುಗಿಯುವವರೆಗೆ ಗಾಡಿಯೊಳಗೆ ಬರುವುದೇನೆಂದು ಹೇಳಿದರೆ ಮುಂದಿನದು ಅರ್ಥವಾದೀತು. ನಾನು, ತೋಟದ ಕೆಲಸ ಮತ್ತು ಲೆಕ್ಕ ನೋಡಿಕೊಳ್ಳುವ ರೈಟರ್, ಹಿಂದಿನ ಸಾಲಿನಲ್ಲಿ ಮೂವರು ಕೆಲಸಗಾರರು, ಎಲ್ಲರ ಕಾಲಲ್ಲೂ ಗಂಬೂಟು. ಒಂದೊಂದು ಬೂಟಿನ ಅಡಿಯಲ್ಲೂ ಅಂಟಿನಂಥ ಕೆಂಪು ಮಣ್ಣು, ಕೊಟ್ಟಿಗೆಯ ಗೊಬ್ಬರ, ನಾಲ್ಕಾರು ಉಂಬಳ (ರಕ್ತ ಹೀರುವ ಜಿಗಣೆ). ತೊಯ್ದ ಪ್ಲಾಸ್ಟಿಕ್ ಕೊಪ್ಪೆಗಳಿಂದ ಸೋರುವ ನೀರು ಬೇರೆ. ಸಂಜೆ ಗಾಡಿ ಶೆಡ್ಡಿಗೆ ಬಂದು ನಿಂತ ಮೇಲೆ ಆ ನೀರೆಲ್ಲ ಎಲ್ಲಿದೆ ಎನ್ನುವುದೊಂದೇ ನನ್ನ ಪರೀಕ್ಷೆ. ಹಾಸಿನ ಮೇಲಿದ್ದರೆ ಚೆಲ್ಲಬಹುದು. ಹಾಸಿನೊಳಗಿದ್ದರೆ ಒಣಗಿಸಬೇಕು, ಜುಲೈ ತಿಂಗಳಲ್ಲಿ ನಮ್ಮಲ್ಲಿ ಒಣಗುವುದು ಅಂಥದ್ದೇನೂ ಇಲ್ಲ. ಹಾಸಿನ ಅಡಿಯಲ್ಲಿದ್ದರೆ ಕಾರ್ಪೆಟ್ ಕೊಳೆಯುತ್ತದೆ, ಬಾಗಿಲಂಚಿನ ಕೆಳಗೆ ಹಾದುಹೋಗುವ ವೈರುಗಳ ಜೋಡಣೆ ಹಸಿರುಗಟ್ಟುತ್ತದೆ, ಕೊನೆಗೆ ಹಳೆಯ ಜೀಪಿನ ಕಥೆಯೇ.

ಗಾಡಿಯ ಜತೆಗೆ ಬಂದ ಕಾರ್ಪೆಟ್ ಹಾಸುಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಎರಡು ವಾರ ಇದ್ದವು, ಬಿಳಿ ಬೂಷ್ಟು ಬಂತು, ಈಗ ನಾಯಿ ಮಲಗುತ್ತದೆ.

ಅವು ಹೋದ ಮೇಲೆ ರೈಟರ್ ಮಾತು ಕೇಳಿ ಗೋಣಿಚೀಲ ಹಾಸಿದೆವು. ಮಲೆನಾಡಿನ ಜೀಪುಗಳಿಗೆ ತಲೆತಲಾಂತರದಿಂದ ಬಂದ ಹಾಸು ಇದೇ. ಕಾಫಿ ತೋಟದಲ್ಲಿ ಗೋಣಿಗೆ ಬರವಿಲ್ಲ, ದುಡ್ಡೂ ಕೊಡಬೇಕಿಲ್ಲ. ಸೆಣಬು ನೀರು ಕುಡಿಯುತ್ತದೆ, ಬೂಟು ಜಾರುವುದಿಲ್ಲ, ಕೊಳೆಯಾದರೆ ಅದನ್ನು ಬಿಸಾಡಿ ಇನ್ನೊಂದು. ಒಂದೆರಡು ದಿನದ ಮಟ್ಟಿಗೆ ಇದನ್ನು ಮೀರಿಸುವುದು ಯಾವುದೂ ಇಲ್ಲ ಎಂದು ಈಗಲೂ ಹೇಳುತ್ತೇನೆ. ಆದರೆ ಅದನ್ನು ನೆಲಕ್ಕೆ ಹಿಡಿದಿಡುವಂಥದ್ದೇನೂ ಇಲ್ಲ. ಒಂದು ಬೆಳಿಗ್ಗೆ ಇಳಿಜಾರಿನಲ್ಲಿ ಗೋಣಿ ಮುದುಡಿಕೊಂಡು ಕ್ಲಚ್ಚಿನ ಅಡಿಗೆ ಹೋಗಿ ಕೂತಿತು. ಕ್ಲಚ್ ಆದ್ದರಿಂದ ಬಚಾವಾದೆ. ಬ್ರೇಕಿನ ಅಡಿಗೆ ಹೋಗಿದ್ದರೆ?

ಇದು ಹಳ್ಳಿಯ ಗೋಣಿಗೆ ಮಾತ್ರ ಇರುವ ರೋಗವಲ್ಲ. 2009ರ ಆಗಸ್ಟ್‌ನಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಲೆಕ್ಸಸ್ ಕಾರೊಂದು ವೇಗ ಇಳಿಸಲಾಗದೆ ಅಪಘಾತಕ್ಕೀಡಾಗಿ ಅದರಲ್ಲಿದ್ದ ನಾಲ್ವರೂ ಸತ್ತರು. ಬೇರೊಂದು ಮಾದರಿಗೆಂದು ಮಾಡಿದ, ಎಲ್ಲ ಹವೆಗೂ ಒಗ್ಗುವ ರಬ್ಬರ್ ಹಾಸನ್ನು ಆ ಕಾರಿಗೆ ಹಾಕಲಾಗಿತ್ತು, ಅದು ಆಕ್ಸಿಲರೇಟರ್ ಪೆಡಲನ್ನು ಹಿಡಿದುಕೊಂಡಿತ್ತು. ಮುಂದಿನ ತಿಂಗಳೇ ಟೊಯೋಟಾ ಸುಮಾರು 38 ಲಕ್ಷ ವಾಹನಗಳ ಮಾಲೀಕರಿಗೆ ಚಾಲಕನ ಬದಿಯ ಹಾಸನ್ನು ತೆಗೆದಿಡಿ ಎಂದು ಹೇಳಬೇಕಾಯಿತು. ಆದ್ದರಿಂದ ಬೆಲೆ, ಬಣ್ಣ, ಆಳ ನೋಡುವ ಮೊದಲು ಗಾಡಿಯ ನೆಲದಲ್ಲಿರುವ ಕೊಕ್ಕೆಗೆ ಹಾಸಿನ ತೂತು ಸರಿಯಾಗಿ ಕೂರುತ್ತದೆಯೇ ನೋಡಿಕೊಳ್ಳಿ. ಕೂರದಿದ್ದರೆ ಮಾತು ಅಲ್ಲಿಗೇ ಮುಗಿಯಿತು. ಒಂದು ಹಾಸಿನ ಮೇಲೆ ಇನ್ನೊಂದು ಹಾಕುವ ಚಪಲವೂ ಬೇಡ, ಚಾಲಕನ ಬದಿಯಲ್ಲಂತೂ ಸುತರಾಂ ಬೇಡ.

ಮೂರನೆಯದು ನೂಡಲ್ ಹಾಸು. ಪಿವಿಸಿ ಎಳೆಗಳನ್ನು ಶಾವಿಗೆಯಂತೆ ಸುರುಳಿ ಸುತ್ತಿ ಮಾಡಿದ್ದು. ನಮ್ಮ ಪೇಟೆಯ ಬಿಡಿಭಾಗದ ಅಂಗಡಿಗಳಲ್ಲಿ ಸುರುಳಿಯಿಂದ ಕತ್ತರಿಸಿ ಗಾಡಿಯ ಅಳತೆಗೆ ಅಂಚು ಹೊಲಿದು ಕೊಡುತ್ತಾರೆ. ನಾನು ಐದು ತುಂಡಿಗೆ ಎರಡು ಸಾವಿರದ ಒಳಗೆ ಕೊಟ್ಟ ನೆನಪು. ನೋಡಲು ಚೆಂದ, ಕಾಲಿಗೆ ಮೆತ್ತಗೆ, ಬೂಟಿನ ಮಣ್ಣನ್ನು ಉಜ್ಜಿ ತೆಗೆಯುತ್ತದೆ. ಮಣ್ಣು ಎಳೆಗಳ ನಡುವೆ ಕೆಳಗಿಳಿದು ಕಣ್ಣಿಗೆ ಮರೆಯಾಗುತ್ತದೆ. ಬೆಂಗಳೂರಿನ ಕಚೇರಿಗೆ ಓಡಾಡುವ ಕಾರಿಗೆ ಇಷ್ಟು ಸಾಕು. ಒಣ ಧೂಳು, ಆಗೊಮ್ಮೆ ಈಗೊಮ್ಮೆ ಒದ್ದೆ ಚಪ್ಪಲಿ, ತಿಂಗಳಿಗೊಂದು ಸಲ ಕೊಡವಿದರೆ ಆಯಿತು.

ತೋಟದಲ್ಲಿ ಕಥೆ ಬೇರೆ. ಮರೆಯಾದ ಮಣ್ಣು ಹೋಗಿರುವುದಿಲ್ಲ, ಅಲ್ಲೇ ಕೂತಿರುತ್ತದೆ. ಚಾಲಕನ ತುಂಡನ್ನು ಕಾಫಿ ತೂಗುವ ತಕ್ಕಡಿಯಲ್ಲಿಟ್ಟಾಗ ಹೊಸದರಲ್ಲಿ ಒಂದೂವರೆ ಕಿಲೋ ಇತ್ತು, ಜುಲೈ ಕೊನೆಯಲ್ಲಿ ಮೂರೂಮುಕ್ಕಾಲು. ಪೈಪಿನ ನೀರು ಎಷ್ಟು ಹೊಡೆದರೂ ಕೆಂಪು ನೀರು ಬರುವುದು ನಿಲ್ಲುತ್ತಿರಲಿಲ್ಲ. ಒಣಗಿಸಲು ಬಚ್ಚಲ ಒಲೆಯ ಪಕ್ಕ ಒರಗಿಸಿದೆವು, ಬೆಳಗಾಗುವಷ್ಟರಲ್ಲಿ ಒಂದು ಅಂಚು ಹಪ್ಪಳದಂತೆ ಮೇಲೆದ್ದಿತ್ತು. ಪಿವಿಸಿಗೆ ಬೆಂಕಿಯ ಕಾವು ಆಗಿಬರುವುದಿಲ್ಲ.

ಅದಕ್ಕಿಂತ ದೊಡ್ಡ ತೊಂದರೆ ಉಂಬಳದ್ದು. ತಂಪು, ತೇವ, ಕತ್ತಲು ಮೂರೂ ಇರುವ ಆ ಸುರುಳಿಗಳ ಒಳಗೆ ಅವು ಬಿಡಾರ ಹೂಡಿಬಿಟ್ಟವು. ನೆಂಟರ ಮದುವೆಗೆಂದು ರೇಷ್ಮೆ ಸೀರೆಯಲ್ಲಿ ಕೂತಿದ್ದ ನನ್ನ ಹೆಂಡತಿಯ ಕಾಲಿಗೆ ಹಾಸನ ದಾಟಿದ ಮೇಲೆ ಒಂದು ಉಂಬಳ ಹತ್ತಿತು. ಆ ದಿನ ನೆಲಹಾಸಿನ ಬಗ್ಗೆ ಕೇಳಿದ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ. ಉಂಬಳಕ್ಕೆ ಮದ್ದು ಉಪ್ಪು ಎಂದು ರೈಟರ್ ಹಾಸಿನ ತುಂಬ ಉಪ್ಪು ಚೆಲ್ಲಿದ. ಉಂಬಳ ಸತ್ತವು. ಉಪ್ಪು ನೀರು ಅಡಿಗಿಳಿಯಿತು. ಸೀಟಿನ ಹಳಿಯ ಬೋಲ್ಟುಗಳು ಒಂದೇ ತಿಂಗಳಲ್ಲಿ ಕಂದು ಬಣ್ಣಕ್ಕೆ ತಿರುಗಿದವು. ಕಡಲ ದಂಡೆಯಿಂದ ಇಷ್ಟು ದೂರವಿದ್ದೂ ಮಂಗಳೂರಿನ ತುಕ್ಕನ್ನು ನಾವೇ ಮನೆಗೆ ಕರೆತಂದಂತಾಯಿತು.

ನಡುವೆ ಏಳು ಪದರದ ಹಾಸು ಎಂದು ಮಾರುವ ಚರ್ಮದಂತಹ ಹೊದಿಕೆಯ ಬಲೆಗೂ ಬಿದ್ದೆ. ಐದು ಸಾವಿರಕ್ಕೂ ಮಿಕ್ಕಿ ಕೊಟ್ಟಿದ್ದೆ. ಫೋಮಿನ ಮೇಲೆ ಕೃತಕ ಚರ್ಮ, ಅದರ ಮೇಲೆ ಹೊಲಿಗೆಯ ಚಿತ್ತಾರ. ಆ ಪ್ರತಿಯೊಂದು ಹೊಲಿಗೆಯ ತೂತೂ ನೀರಿಗೆ ಬಾಗಿಲು ಎಂಬುದು ಕೊಳ್ಳುವಾಗ ಹೊಳೆಯಲಿಲ್ಲ. ಸೀಟಿನ ಕೆಳಗೆ ಸೇರಿಸಿ ಬಿಗಿಯಾಗಿ ಕೂರಿಸುವುದರಿಂದ ಎತ್ತಿ ತೊಳೆಯುವುದೂ ಸಲೀಸಲ್ಲ. ಗಂಬೂಟಿನ ಕಾಲಿಗೆ ಇದು ಜಾರುಬಂಡೆ. ಎರಡು ತಿಂಗಳ ನಂತರ ಕಿತ್ತಾಗ ಅಡಿಯಲ್ಲಿ ಅಣಬೆಯ ವಾಸನೆ ಬರುತ್ತಿತ್ತು. ಮದುವೆ ಮನೆಗೆ ಮಾತ್ರ ಹೋಗುವ ಗಾಡಿಗೆ ಇರಲಿ.

ನಿಜವಾದ ಪೈಪೋಟಿ ಉಳಿದದ್ದು ಇಬ್ಬರ ನಡುವೆ: ದಪ್ಪ ರಬ್ಬರ್ ಹಾಸು ಮತ್ತು ಟಿಪಿಇ (ಥರ್ಮೋಪ್ಲಾಸ್ಟಿಕ್ ಎಲಾಸ್ಟೊಮರ್) ಟ್ರೇ.

ರಬ್ಬರ್ ಎಂದರೆ ಗೆರೆಗೆರೆಯ ಕಪ್ಪು ಹಾಸು. ಅಳತೆಗೆ ನಾವೇ ಚಾಕುವಿನಿಂದ ಕತ್ತರಿಸಿಕೊಳ್ಳಬಹುದು. ಚಾಲಕನ ತುಂಡೇ ನಾಲ್ಕು ಕಿಲೋ ತೂಗಿತು. ಆ ತೂಕವೇ ಅದರ ಗುಣ, ಹಾಕಿದಲ್ಲಿ ಬಿದ್ದುಕೊಂಡಿರುತ್ತದೆ. ಸನಿಕೆ, ಗುದ್ದಲಿ, ಮರದ ಕೊಂಬೆ ಸವರುವ ಕತ್ತಿ, ಯಾವುದನ್ನು ಎಸೆದರೂ ಅದಕ್ಕೇನೂ ಆಗುವುದಿಲ್ಲ. ನೀರು ಒಳಗಿಳಿಯುವುದಿಲ್ಲ. ಕಲ್ಲಿನ ಮೇಲೆ ಎತ್ತಿ ಬಡಿದರೆ ಮಣ್ಣೆಲ್ಲ ಹೆಪ್ಪಾಗಿ ಉದುರುತ್ತದೆ. ಎರಡು ಮಳೆಗಾಲ ಇದನ್ನೇ ನೆಚ್ಚಿಕೊಂಡಿದ್ದೆ.

ಕೊರತೆ ಅಂಚಿನದ್ದು. ಅಂಚು ಬೆರಳಿನ ದಪ್ಪಕ್ಕಿಂತ ಎತ್ತರವಿಲ್ಲ. ಒಂದು ಚೊಂಬು ನೀರು ಸುರಿದು, ಕೊಟ್ಟಿಗೆಹಾರದಿಂದ ಚಾರ್ಮಾಡಿ ಘಾಟಿಯ ತಿರುವುಗಳನ್ನು ಇಳಿದು ನೋಡಿದೆ. ಮೊದಲ ಮೂರು ತಿರುವು ಮುಗಿಯುವ ಮೊದಲೇ ನೀರು ಅಂಚು ಹಾರಿ ಕಾರ್ಪೆಟ್ ಸೇರಿತ್ತು. (ಪರೀಕ್ಷೆ ಮಾಡುವವರು ಹೊರಡುವ ಮೊದಲು ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿನ್ನಿ, ಆ ಖರ್ಚನ್ನೂ ಹಾಸಿನ ಲೆಕ್ಕಕ್ಕೆ ಬರೆದರೆ ತಪ್ಪಿಲ್ಲ.)

ಇನ್ನೊಂದು ಪಾಠ ಅಡಕೆ ಮರಗಳಿಂದ ಬಂತು. ಕಾಫಿ ನಡುವಿನ ಅಡಕೆಗೆ ಕೊಳೆರೋಗ ಬಾರದಂತೆ ಮಳೆ ಹಿಡಿಯುವ ಹೊತ್ತಿಗೆ ಬೋರ್ಡೋ ದ್ರಾವಣ ಹೊಡೆಯುತ್ತೇವೆ: 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಮೈಲುತುತ್ತು ಕರಗಿಸಿದ್ದ ಕ್ಯಾನು ಹಿಂದಿನ ಸೀಟಿನ ಬುಡದಲ್ಲಿ ಸೋರಿತ್ತು. ಒರೆಸಿ ಮರೆತೆವು. ಮುಂದಿನ ಬೇಸಗೆಯ ಹೊತ್ತಿಗೆ ಅಲ್ಲಿನ ರಬ್ಬರ್ ಬೆಲ್ಲದಂತೆ ಅಂಟಂಟಾಗಿ, ಆಮೇಲೆ ಬಿರುಕು ಬಿಟ್ಟಿತು. ನೈಸರ್ಗಿಕ ರಬ್ಬರಿಗೆ ತಾಮ್ರ ವಿಷವಿದ್ದಂತೆ. ರಬ್ಬರ್ ಬೆಳೆಯುವವರು ಹಾಲಿಗೆ ತಾಮ್ರದ ಅಂಶ ಬೀಳದಂತೆ ಕಾಯುವುದೂ ಇದಕ್ಕೇ. ಡೀಸೆಲ್ ಚೆಲ್ಲಿದರೂ ರಬ್ಬರ್ ಉಬ್ಬುತ್ತದೆ. ಫೆಬ್ರವರಿ ಬಿಸಿಲಲ್ಲಿ ಗಾಡಿ ನಿಲ್ಲಿಸಿ ಬಾಗಿಲು ತೆಗೆದರೆ ಟೈರ್ ಅಂಗಡಿಗೆ ಹೊಕ್ಕ ಹಾಗಾಗುತ್ತದೆ, ಅದು ಬೇರೆ ಮಾತು.

ಟಿಪಿಇ ಎನ್ನುವುದು ರಬ್ಬರಿನಂತೆ ಬಾಗುವ, ಪ್ಲಾಸ್ಟಿಕ್ಕಿನಂತೆ ಅಚ್ಚಿಗೆ ಎರೆಯಬಹುದಾದ ವಸ್ತು. ಗಾಡಿಯ ನೆಲದ ಉಬ್ಬುತಗ್ಗನ್ನು ಅಳೆದು ಅದೇ ಆಕಾರದಲ್ಲಿ ತಟ್ಟೆಯಂತೆ ಮಾಡಿರುತ್ತಾರೆ. ಅಂಚು ಮೂರು ಬೆರಳು ಎತ್ತರ. ಬೆಲೆ ಕೇಳಿ ಒಂದು ವರ್ಷ ಸುಮ್ಮನಿದ್ದೆ, ಐದು ತುಂಡಿಗೆ ಆರು ಸಾವಿರ ದಾಟಿತ್ತು.

ಮೊದಲು ಕೊಂಡದ್ದು ಮೋಸ. ಅಗ್ಗಕ್ಕೆ ಸಿಕ್ಕಿತೆಂದು ಆನ್‌ಲೈನ್‌ನಲ್ಲಿ ತರಿಸಿದೆ, ಪೆಟ್ಟಿಗೆಯ ಮೇಲೆ ಟಿಪಿಇ ಎಂದೇ ಇತ್ತು. ಬಂದದ್ದು ಗಡುಸಾಗಿತ್ತು, ವಾಸನೆಯೂ ಇತ್ತು. ಅಂಚಿನಿಂದ ಉಗುರಿನಷ್ಟು ಕತ್ತರಿಸಿ ಬಕೆಟ್ ನೀರಿಗೆ ಹಾಕಿದೆ, ಕಲ್ಲಿನಂತೆ ಮುಳುಗಿತು. ಟಿಪಿಇ ನೀರಿಗಿಂತ ಹಗುರವಾಗಿದ್ದು ತೇಲುವುದೇ ಹೆಚ್ಚು, ಪಿವಿಸಿ ಮುಳುಗುತ್ತದೆ. ಹಾಸಿನ ಒಂದು ಚೂರು ಹೋದರೂ ಪರವಾಗಿಲ್ಲ ಎನ್ನುವವರಿಗೆ ಇಷ್ಟು ಸರಳವಾದ ಪರೀಕ್ಷೆ ಇನ್ನೊಂದಿಲ್ಲ. ಅದನ್ನು ಹಿಂದಿರುಗಿಸಿ, ಎರಡನೆಯ ಸಲ ಮಾದರಿ, ತಯಾರಾದ ವರ್ಷ, ಗೇರು ಕೈಯದೋ ತನ್ನಷ್ಟಕ್ಕೆ ಬೀಳುವುದೋ ಎಲ್ಲ ಬರೆದು ತರಿಸಿದೆ. ಬೊಲೆರೊ ಕ್ಯಾಂಪರ್, ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್, ಒಂದರ ನೆಲ ಇನ್ನೊಂದರಂತಿಲ್ಲ. ಕ್ಲಚ್ ಇರುವ ಗಾಡಿಯಲ್ಲಿ ಎಡಗಾಲಿನ ಜಾಗದ ಕತ್ತರಿಕೆಯೂ ಬೇರೆ. ‘ಎಲ್ಲ ಪಿಕಪ್‌ಗಳಿಗೂ ಆಗುತ್ತದೆ’ ಎಂದು ಬರೆದಿರುವ ಹಾಸು ಯಾವ ಪಿಕಪ್‌ಗೂ ಸರಿಯಾಗಿ ಆಗುವುದಿಲ್ಲ.

ಸರಿಯಾದದ್ದು ಬಂದ ಮೇಲೆ ಅದೇ ಚೊಂಬು, ಅದೇ ಚಾರ್ಮಾಡಿ. ಒಂದು ಹನಿಯೂ ಹೊರಬೀಳಲಿಲ್ಲ. ಆದರೆ ಇಳಿಜಾರಿನಲ್ಲಿ ನೀರೆಲ್ಲ ಮುಂದಕ್ಕೆ ಹರಿದು ಪೆಡಲ್‌ಗಳ ಬುಡದಲ್ಲಿ ಸೇರಿತು, ನನ್ನ ಹಿಮ್ಮಡಿ ಸಣ್ಣದೊಂದು ಕೆರೆಯಲ್ಲಿತ್ತು. ಒದ್ದೆ ಬೂಟು ಬ್ರೇಕಿನ ಮೇಲೆ ಜಾರಿದ ಅನುಭವ ಸುಖದ್ದಲ್ಲ. ಟ್ರೇ ನೀರನ್ನು ಬಚ್ಚಿಡುವುದಿಲ್ಲ, ನಿಮ್ಮ ಕಣ್ಣೆದುರಿಗೇ ಇಡುತ್ತದೆ. ಚೆಲ್ಲುವ ಕೆಲಸ ನಿಮ್ಮದು. ಹಿಮ್ಮಡಿ ಊರುವ ಕಡೆ ಎತ್ತರದ ಗೆರೆಗಳಿರುವ, ನೀರು ಅವುಗಳ ಸಂದಿನಲ್ಲಿ ಇಳಿಯುವ ಟ್ರೇಯನ್ನೇ ಆರಿಸಬೇಕು. ನುಣುಪಾದ ತಳದ ಟ್ರೇ ಬಟ್ಟಲಷ್ಟೇ.

ಇಷ್ಟಾದರೂ ಮುಂದಿನ ಸಾಲಿಗೆ ನನ್ನ ಮತ ಅದಕ್ಕೇ. ಕಾರಣ ತೂಕ. ಚಾಲಕನ ತುಂಡು ಒಂದೂವರೆ ಕಿಲೋ ಚಿಲ್ಲರೆ. ಕೊಕ್ಕೆ ಬಿಡಿಸಿ ಒಂದೇ ಕೈಯಲ್ಲಿ ಎತ್ತಿ ನೀರು ಚೆಲ್ಲಿ, ಒರೆಸಿ, ಮತ್ತೆ ಕೂರಿಸಲು ಒಂದು ಬೀಡಿ ಹಚ್ಚುವಷ್ಟು ಹೊತ್ತೂ ಬೇಡ ಎಂದವನು ರೈಟರ್. ನಾಲ್ಕು ಕಿಲೋದ ರಬ್ಬರನ್ನು ವಾರಕ್ಕೊಮ್ಮೆ ಎತ್ತುತ್ತಿದ್ದವನು ಇದನ್ನು ದಿನಾ ಸಂಜೆ ಎತ್ತುತ್ತಾನೆ. ದಿನಾ ಎತ್ತಿದ್ದರಿಂದ ಅಡಿಯ ಕಾರ್ಪೆಟ್ ಎರಡು ಮಳೆಗಾಲದಿಂದ ಒಣಗಿದೆ.

ಹಿಂದಿನ ಸಾಲಿನಲ್ಲಿ ಮಾತ್ರ ಹಳೆಯ ರಬ್ಬರನ್ನೇ ಉಳಿಸಿದ್ದೇನೆ. ಅಲ್ಲಿ ಪೆಡಲ್ ಇಲ್ಲ, ಕತ್ತಿ ಗುದ್ದಲಿ ಇವೆ. ಟ್ರೇಯ ಹಿಂಭಾಗದ ತುಂಡು ಒಂದು ಸಲ ಕತ್ತಿಯ ಮೊನೆಗೆ ಸಿಕ್ಕಿ ಸೀಳಿತು, ರಬ್ಬರಿಗೆ ಅಂಥ ಗಾಯ ನೂರಾರು ಇವೆ, ಒಂದೂ ಅಡಿ ಮುಟ್ಟಿಲ್ಲ. ಮೈಲುತುತ್ತು ತಿಂದ ಜಾಗಕ್ಕೆ ಸೈಕಲ್ ಟ್ಯೂಬಿನ ತೇಪೆ ಹಾಕಿದ್ದೇವೆ. ನೀವು ಕೊಂಡ ಪಿಕಪ್ ಕೆಳದರ್ಜೆಯ ಮಾದರಿಯಾಗಿದ್ದು, ನೆಲಕ್ಕೆ ಕಾರ್ಪೆಟ್ ಬದಲು ವಿನೈಲ್ ಹಾಳೆ ಇದ್ದರೆ ಈ ಆರರಲ್ಲಿ ಯಾವುದೂ ಬೇಡ, ಪೈಪು ಹಿಡಿದು ತೊಳೆಯಿರಿ. ಹೆಚ್ಚು ದುಡ್ಡು ಕೊಟ್ಟು ಕಾರ್ಪೆಟ್ ಇರುವ ಮಾದರಿ ಕೊಂಡ ನಮ್ಮಂಥವರು ಅದನ್ನು ಮುಚ್ಚಲು ಮತ್ತೆ ದುಡ್ಡು ಕೊಡುತ್ತೇವೆ.

ರೈಟರ್ ತಾನು ಕೂರುವ ಎಡಬದಿಯ ಟ್ರೇಯ ಮೇಲೆ ಈಗಲೂ ಒಂದು ಗೋಣಿ ಮಡಿಸಿ ಹಾಕಿಕೊಳ್ಳುತ್ತಾನೆ. ಆ ಕಡೆ ಪೆಡಲ್ ಇಲ್ಲವಾದ್ದರಿಂದ ನಾನೂ ಸುಮ್ಮನಿದ್ದೇನೆ.